ಮೇನ್‌ಲೈನೋ ಸೈಡ್‌ಲೈನೋ: ಕ್ಲಬ್ ಮಟ್ಟದ ಚೆಸ್ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಆಟಗಾರರು ಮತ್ತು ಪಾಲಕರು ತಿರುತಿರುಗಿ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇವೆ. ನಡೆಗಳನ್ನು ಓದುವ ಕ್ರಮ ಹೀಗೆ: ಬಿಳಿಯ ಕಡೆ ಕೂತರೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ನೈಟ್‌ಗೆ ಕುದುರೆ, ಬಿಷಪ್‌ಗೆ ಒಂಟೆ, ರೂಕ್‌ಗೆ ಆನೆ, ಪಾನ್‌ಗೆ ಪ್ಯಾದೆ ಎಂದಿದ್ದೇವೆ. ರಾಣಿಗೆ ವಜೀರ ಎಂದು ರೂಢಿಯಿರುವವರು ಹಾಗೇ ಓದಿಕೊಳ್ಳಿ. ಪ್ಯಾದೆಯ ನಡೆಗೆ ಮನೆಯ ಹೆಸರಷ್ಟೇ ಇರುತ್ತದೆ. × ಅಂದರೆ ಹೊಡೆತ. ಸಂಖ್ಯೆಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ. ಓಪನಿಂಗ್ ಅಂದರೆ ಆಟದ ಶುರುವಿನ ನಡೆಗಳು; ಸಿಸಿಲಿಯನ್, ಬರ್ಲಿನ್, ಲಂಡನ್‌ನಂಥವು ಅವುಗಳ ಹೆಸರು. ಬೋರ್ಡ್ ಎದುರಿಗೆ ಇಟ್ಟುಕೊಂಡು ಓದಿದರೆ ಮಾತ್ರ ಉಪಯೋಗ.

## ಮೊದಲ ಮೆಟ್ಟಿಲು

ಮೇನ್‌ಲೈನ್ ಅಂದ್ರ ಏನ್ರಿ, ಸೈಡ್‌ಲೈನ್ ಅಂದ್ರ ಏನು? ಇದನ್ನ ಯಾರು ಠರಾಯಿಸ್ತಾರ?

ಯಾರೂ ಕೂತು ಠರಾಯಿಸುವುದಿಲ್ಲ. ಒಂದು ಸ್ಥಿತಿಯಲ್ಲಿ ಬಲವಾದ ಆಟಗಾರರು ಅತಿ ಹೆಚ್ಚು ಆಡಿ, ಎರಡೂ ಕಡೆಯ ಒಳ್ಳೆಯ ಉತ್ತರಗಳನ್ನು ವರ್ಷಗಟ್ಟಲೆ ತಿಕ್ಕಿ ನೋಡಿದ ಮೇಲೂ ಉಳಿದ ದಾರಿಗೆ ಮೇನ್‌ಲೈನ್ ಎನ್ನುತ್ತಾರೆ. ಅದರಿಂದ ಮೊದಲೇ ಪಕ್ಕಕ್ಕೆ ಹೊರಳುವುದು ಸೈಡ್‌ಲೈನ್. ಸಿಸಿಲಿಯನ್‌ನಲ್ಲಿ (1. ಇ4 ಸಿ5) ಬಿಳಿ 2. ಕುದುರೆ ಎಫ್3 ಆಡಿ ಮುಂದಿನ ನಡೆಯಲ್ಲಿ ಡಿ4 ತೆರೆದರೆ ಮೇನ್‌ಲೈನ್, 2. ಸಿ3 ಆಡಿದರೆ ಅಲಾಪಿನ್ ಎಂಬ ಸೈಡ್‌ಲೈನ್.

ಈ ಪಟ್ಟ ಶಾಶ್ವತವಲ್ಲ. 2000ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ರಾಮ್ನಿಕ್ ಕಾಸ್ಪರೋವ್ ಎದುರು ಕಪ್ಪಿನಲ್ಲಿ ಬರ್ಲಿನ್ ಡಿಫೆನ್ಸ್ ಹಿಡಿದು ಕೂತರು. ಕಾಸ್ಪರೋವ್‌ಗೆ ಇಡೀ ಪಂದ್ಯದಲ್ಲಿ ಒಂದು ಆಟವೂ ಗೆಲ್ಲಲಾಗಲಿಲ್ಲ. ಅಲ್ಲಿಯವರೆಗೆ ಮೂಲೆ ಸೇರಿದ್ದ ಬರ್ಲಿನ್ ಅಲ್ಲಿಂದ ದೊಡ್ಡವರ ನಿತ್ಯದ ಊಟವಾಯಿತು. 2018ರ ಪಂದ್ಯದ 1, 3, 5ನೇ ಆಟಗಳಲ್ಲಿ ಕಾರುವಾನಾ ಕಾರ್ಲ್‌ಸನ್‌ನ ಸಿಸಿಲಿಯನ್‌ಗೆ ಡಿ4 ತೆರೆಯದೆ 3. ಒಂಟೆ ಬಿ5 (ರೊಸ್ಸೊಲಿಮೊ) ಆಡಿದರು. ಒಂದು ಕಾಲದಲ್ಲಿ ಅದಕ್ಕೆ ಓದು ತಪ್ಪಿಸುವವರ ನಡೆ ಎನ್ನುತ್ತಿದ್ದರು. ಹಾಗಾಗಿ ಸೈಡ್‌ಲೈನ್ ಅಂದರೆ ಕಮ್ಮಿ ದರ್ಜೆಯದು ಎಂದುಕೊಳ್ಳಬೇಡಿ. ಕಮ್ಮಿ ದರ್ಜೆಯವೂ ಇವೆ. ಅವನ್ನು ಗುರುತಿಸುವ ಬಗೆ ಮೂರನೇ ಪ್ರಶ್ನೆಯಲ್ಲಿದೆ.

ಈಗಷ್ಟ ಆಡೋದು ಕಲ್ತೇನಿ. ಓಪನಿಂಗ್ ಬಾಯಿಪಾಠ ಮಾಡ್ಲೇಬೇಕೇನು?

ಬೇಡ. ನಿಮ್ಮ ಕಳೆದ ಹತ್ತು ಸೋಲು ತೆಗೆದು ನೋಡಿ. ಹೆಚ್ಚಿನವು ಪುಕ್ಕಟೆ ಬಿಟ್ಟುಕೊಟ್ಟ ಕುದುರೆಯಿಂದಲೋ ಕಾಣದೇ ಹೋದ ಎರಡು ನಡೆಯ ಮಾತ್‌ನಿಂದಲೋ ಆಗಿರುತ್ತವೆ. ಸದ್ಯಕ್ಕೆ ಇಷ್ಟು ಸಾಕು: ನಡುವಿನ ಮನೆಗಳಲ್ಲಿ ಒಂದು ಪ್ಯಾದೆ, ಹತ್ತು ನಡೆಯೊಳಗೆ ಎರಡು ಕುದುರೆ, ಎರಡು ಒಂಟೆ ಹೊರಗೆ, ರಾಜ ಕ್ಯಾಸಲ್ (ರಾಜ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ನಡೆ) ಆಗಿರಬೇಕು. ಬಿಳಿಯಲ್ಲಿ ನಿಧಾನದ ಇಟಾಲಿಯನ್ ಹಿಡಿಯಿರಿ: 1. ಇ4 ಇ5 2. ಕುದುರೆ ಎಫ್3 ಕುದುರೆ ಸಿ6 3. ಒಂಟೆ ಸಿ4 ಒಂಟೆ ಸಿ5 4. ಸಿ3 ಕುದುರೆ ಎಫ್6 5. ಡಿ3. ಇದು ಪಕ್ಕಾ ಮೇನ್‌ಲೈನ್, ವಿಶ್ವದ ಮೊದಲ ಹತ್ತರೊಳಗಿನವರೂ ಆಡುತ್ತಾರೆ. ಆದರೂ ಇದರಲ್ಲಿ ಒಂದು ನಡೆ ಮರೆತರೆ ಆಟ ಮುಗಿದುಹೋಗುವುದಿಲ್ಲ.

ನಮ್ಮ ಹುಡುಗ ಮೊಬೈಲ್‌ನ್ಯಾಗ ನೋಡಿ ದಿನಾ ಒಂದು ಟ್ರ್ಯಾಪ್ ಕಲ್ತು ಬರ್ತಾನ. ಇದೂ ಸೈಡ್‌ಲೈನ್ ಅಲ್ಲೇನ್ರಿ? ಬಿಡಸ್ಲೋ ಬ್ಯಾಡೋ?

ಟ್ರ್ಯಾಪ್ ಕಲಿಯುವುದನ್ನು ಬಿಡಿಸಬೇಡಿ; ಟ್ರ್ಯಾಪ್ ನಂಬಿ ಓಪನಿಂಗ್ ಆರಿಸುವುದನ್ನು ಬಿಡಿಸಿ. ಎರಡು ಉದಾಹರಣೆ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅವನಿಗೇ ಕಾಣುತ್ತದೆ.

ಮೊದಲನೆಯದು ಎಂಗ್ಲುಂಡ್ ಗ್ಯಾಂಬಿಟ್ (ಗ್ಯಾಂಬಿಟ್ ಅಂದರೆ ಶುರುವಿನಲ್ಲೇ ಪ್ಯಾದೆ ಬಿಟ್ಟುಕೊಡುವ ಓಪನಿಂಗ್). 1. ಡಿ4 ಇ5 2. ಡಿ×ಇ5 ಕುದುರೆ ಸಿ6 3. ಕುದುರೆ ಎಫ್3 ರಾಣಿ ಇ7 4. ಒಂಟೆ ಎಫ್4 ರಾಣಿ ಬಿ4 ಚೆಕ್ 5. ಒಂಟೆ ಡಿ2 ರಾಣಿ×ಬಿ2. ಇಲ್ಲಿ ಬಿಳಿ 6. ಒಂಟೆ ಸಿ3 ಎಂದು ರಾಣಿಗೆ ಗುರಿ ಇಟ್ಟರೆ 6... ಒಂಟೆ ಬಿ4 7. ರಾಣಿ ಡಿ2 ಒಂಟೆ×ಸಿ3 8. ರಾಣಿ×ಸಿ3 ರಾಣಿ ಸಿ1, ಮಾತ್. ಹುಡುಗರಿಗೆ ಇದರ ರುಚಿ ಹತ್ತಿದರೆ ಬಿಡುವುದು ಕಷ್ಟ. ಆದರೆ ಬಿಳಿ 6. ಕುದುರೆ ಸಿ3 ಎಂಬ ಸಾದಾ ನಡೆ ಆಡಿದರೆ ಬಲೆ ಹರಿಯಿತು. ಕಪ್ಪಿನ ರಾಣಿ ಶತ್ರುವಿನ ಊರಲ್ಲಿ ಒಂಟಿ, ಬೇರೆ ಕಾಯಿಗಳೆಲ್ಲ ಮನೆಯಲ್ಲೇ. ಎದುರಾಳಿಗೆ ಒಂದೇ ಒಂದು ನಡೆ ಗೊತ್ತಿದ್ದರೆ ಕೆಡುವಂಥದ್ದನ್ನು ನಾವು ಸೈಡ್‌ಲೈನ್ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಪಣ.

ಎರಡನೆಯದು ಮೇನ್‌ಲೈನಿನೊಳಗೇ ಕೂತಿರುವ ಬಲೆ. 1. ಡಿ4 ಡಿ5 2. ಸಿ4 ಇ6 3. ಕುದುರೆ ಸಿ3 ಕುದುರೆ ಎಫ್6 4. ಒಂಟೆ ಜಿ5 ಮತ್ತು ಈಗ ಬಿ8ರ ಕುದುರೆ ಡಿ7ಕ್ಕೆ. ಕಪ್ಪಿನ ಎಫ್6 ಕುದುರೆ ಕಟ್ಟುಬಿದ್ದಿದೆ (ಸರಿದರೆ ಹಿಂದಿನ ರಾಣಿ ಹೋಗುತ್ತದೆ) ಎಂದುಕೊಂಡ ಬಿಳಿ 5. ಸಿ×ಡಿ5 ಇ×ಡಿ5 6. ಕುದುರೆ×ಡಿ5 ಎಂದು ಪ್ಯಾದೆ ತಿಂದರೆ, 6... ಕುದುರೆ×ಡಿ5 7. ಒಂಟೆ×ಡಿ8 ಒಂಟೆ ಬಿ4 ಚೆಕ್. ಬಿಳಿಗೆ ರಾಣಿಯನ್ನು ಡಿ2ಕ್ಕೆ ತಂದು ವಾಪಸ್ ಕೊಡದೆ ಗತಿಯಿಲ್ಲ. 8. ರಾಣಿ ಡಿ2 ಒಂಟೆ×ಡಿ2 9. ರಾಜ×ಡಿ2 ರಾಜ×ಡಿ8, ಕಪ್ಪಿಗೆ ಒಂದು ಕಾಯಿ ಹೆಚ್ಚು. ಬಿಳಿ ಬಲೆಗೆ ಬೀಳದಿದ್ದರೂ ಕಪ್ಪು ಕಳೆದುಕೊಳ್ಳುವುದು ಏನೂ ಇಲ್ಲ. ಕುದುರೆ ಡಿ7 ಹೇಗಿದ್ದರೂ ಆಡುವ ನಡೆಯೇ. ಇದಕ್ಕೆ ಎಲಿಫೆಂಟ್ ಟ್ರ್ಯಾಪ್ ಎಂದು ಹೆಸರು. ನಮ್ಮ ಕಡೆ ಹುಡುಗರು ಇದರಲ್ಲಿ ಆನೆ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಹುಡುಕುತ್ತಾರೆ. ಆನೆಗಳು ನಾಲ್ಕೂ ಕದಲುವುದೇ ಇಲ್ಲ.

ಲಂಡನ್ ಸಿಸ್ಟಮ್ ಒಂದ ಕಲ್ತ್ರ ಜೀವನಪೂರ್ತಿ ಸಾಕು ಅಂತಾರ. ಖರೇನ?

ಅರ್ಧ ಖರೆ. ಡಿ4, ಒಂಟೆ ಎಫ್4, ಇ3, ಸಿ3, ಕುದುರೆ ಎಫ್3, ಕುದುರೆ ಡಿ2, ಒಂಟೆ ಡಿ3: ಎದುರಿನವರು ಏನೇ ಮಾಡಲಿ ಈ ಏಳನ್ನು ಇಟ್ಟರಾಯಿತು ಎಂದು ಮಾರುತ್ತಾರೆ. ಓಪನಿಂಗ್ ಗಟ್ಟಿಯೇ. 2023ರ ವಿಶ್ವ ಚಾಂಪಿಯನ್‌ಶಿಪ್‌ನ 6ನೇ ಆಟದಲ್ಲಿ ಡಿಂಗ್ ಲಿರೆನ್ ಇದನ್ನೇ ಆಡಿ ನೆಪೊಮ್ನಿಯಾಶಿಯನ್ನು ಸೋಲಿಸಿದರು. ಕ್ಲಬ್‌ನಲ್ಲಿ ಕೆಡುವುದು ಏಳು ನಡೆಯನ್ನು ಕಣ್ಣು ಮುಚ್ಚಿ ಇಡುವುದರಿಂದ. ಮೂರು ಕಡೆ ಎಚ್ಚರ ಬೇಕು.

ಒಂಟೆ ಸಿ1 ಬಿಟ್ಟು ಎದ್ದ ಮೇಲೆ ಬಿ2 ಪ್ಯಾದೆಗೆ ಕಾವಲಿಲ್ಲ. ಕಪ್ಪು ಬೇಗ ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದರೆ ಉತ್ತರ ತಯಾರಿರಬೇಕು. ರಾಣಿ ಬಿ3 ಸಾಮಾನ್ಯ ಉತ್ತರ, ಕಪ್ಪು ಸಿ4 ತಳ್ಳಿದರೆ ರಾಣಿ ಸಿ2. ಕಪ್ಪು ಜಿ6, ಒಂಟೆ ಜಿ7, ಡಿ6 ಇಟ್ಟರೆ ಅವರ ಗುರಿ ಇ5 ತಳ್ಳಿ ಒಂಟೆಗೆ ತಿವಿಯುವುದು. ಅದಕ್ಕೇ ಎಚ್3 ಮೊದಲೇ ಆಡಿ ಒಂಟೆಗೆ ಎಚ್2ರಲ್ಲಿ ಜಾಗ ಮಾಡಿರಬೇಕು. ಕಪ್ಪಿನ ಒಂಟೆ ಡಿ6ಕ್ಕೆ ಬಂದರೆ ಜಿ3ಕ್ಕೆ ಸರಿಯುವುದು ವಾಡಿಕೆ, ಅವರು ಹೊಡೆದರೆ ಎಚ್ ಪ್ಯಾದೆಯಿಂದ ಹೊಡೆದು ನಿಮ್ಮ ಆನೆಗೆ ಎದುರಿನ ಎಚ್ ಪಟ್ಟಿ ತೆರೆಯುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಎರಡು ವರ್ಷ ಬರೀ ಲಂಡನ್ ಆಡಿದವರಿಗೆ ಸಿ4 ತಳ್ಳಿ ನಡುವನ್ನು ಕೆಣಕುವ ಆಟ ಹೇಗಿರುತ್ತದೆಂದೇ ತಿಳಿಯುವುದಿಲ್ಲ. ನಲವತ್ತು ದಾಟಿ ರವಿವಾರ ಖುಷಿಗೆ ಆಡುವವರಿಗೆ ಲಂಡನ್ ಧಾರಾಳ ಸಾಕು. ಹನ್ನೆರಡರ ಹುಡುಗನಿಗೆ ನಾವು ಅದನ್ನು ಮೊದಲು ಹೇಳಿಕೊಡುವುದಿಲ್ಲ.

## ಆಯ್ಕೆಯ ಲೆಕ್ಕ

ನೌಕರಿ ಐತ್ರಿ, ವಾರಕ್ಕ ನಾಲ್ಕು ತಾಸು ಸಿಕ್ಕರ ಹೆಚ್ಚು. ಎಷ್ಟು ಓಪನಿಂಗ್ ಇಟ್ಕೋಬೇಕು?

ಮೂರು. ಬಿಳಿಗೆ ಒಂದು, ಕಪ್ಪಿನಲ್ಲಿ 1. ಇ4ಗೆ ಒಂದು, 1. ಡಿ4ಗೆ ಒಂದು. ನಾಲ್ಕು ತಾಸಿನಲ್ಲಿ ಒಂದು ತಾಸು ಮಾತ್ರ ಓಪನಿಂಗ್‌ಗೆ. ಉಳಿದದ್ದು ಪಜಲ್, ಎಂಡ್‌ಗೇಮ್ (ಕಾಯಿಗಳು ಕಡಿಮೆಯಾದ ಮೇಲಿನ ಆಟ), ಆಡಿದ ಆಟದ ಪರಿಶೀಲನೆಗೆ.

ಮೂರಕ್ಕೂ ಒಂದೊಂದು ಕಡತ ಮಾಡಿ. ಲಿಚೆಸ್ ಎಂಬ ಚೆಸ್ ತಾಣದ ಸ್ಟಡಿ ಪುಕ್ಕಟೆ, ಇನ್ನೂರು ಪುಟದ ನೋಟ್‌ಬುಕ್ ಆದರೂ ನಡೆಯುತ್ತದೆ. ಒಂದು ಕಡತದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಸಾಲು ಬೇಡ, ಒಂದು ಸಾಲು ಎಂಟು ನಡೆಗಿಂತ ಉದ್ದ ಬೇಡ. ಪ್ರತಿ ಸಾಲಿನ ಕೊನೆಗೆ ಎರಡು ವಾಕ್ಯ: ಇಲ್ಲಿಂದ ನನ್ನ ಪ್ಯಾದೆ ಎಲ್ಲಿ ತಳ್ಳಬೇಕು, ನನ್ನ ಯಾವ ಕಾಯಿ ಸಪ್ಪಗಿದೆ. ಈ ಎರಡು ವಾಕ್ಯ ಬರೆಯಲಾಗದಿದ್ದರೆ ಆ ಸಾಲು ನಿಮಗೆ ತಿಳಿದಿಲ್ಲ ಎಂದೇ ಲೆಕ್ಕ, ನಡೆಗಳು ಎಷ್ಟೇ ನೆನಪಿರಲಿ.

ನಿಮ್ಮ ಕೊನೆಯ 30 ಆಟ ತೆಗೆದು, ಪ್ರತಿಯೊಂದರಲ್ಲಿ ಯಾವ ನಡೆಯಲ್ಲಿ ಕಡತದ ಹೊರಗೆ ಬಂದಿರಿ, ಮೊದಲು ಹೊರಬಂದದ್ದು ನೀವೋ ಎದುರಾಳಿಯೋ ಎಂದು ಗುರುತು ಹಾಕಿ. 30 ಆಟದಲ್ಲಿ ಒಮ್ಮೆಯೂ ಬಾರದ ಸಾಲಿಗೆ ಒಂದು ವಾಕ್ಯ ಸಾಕು. ಐದು ಸಲ ಬಂದದ್ದಕ್ಕೆ ಒಂದು ಸಂಜೆ ಕೊಡಿ. ಸಿಸಿಲಿಯನ್‌ನ ನಜ್ದೋರ್ಫ್ ಕವಲಿನ ಇಪ್ಪತ್ತನೇ ನಡೆ ಓದಿಟ್ಟುಕೊಂಡು, ರವಿವಾರ 2. ಸಿ3ಗೆ ಉತ್ತರ ಗೊತ್ತಿಲ್ಲದೆ ಸೋಲುವವರು ಪ್ರತಿ ಊರಲ್ಲೂ ಇಬ್ಬರಾದರೂ ಇದ್ದಾರೆ.

ಬಿಳಿ ಹಿಡದಾಗ ಸಿಸಿಲಿಯನ್ ಬಂದ್ರ ಹೆದರಿಕಿ. ಎದುರಾ ಎದುರ ಹೋಗ್ಲೋ, ಬಳಸ್ಕೊಂಡು ಹೋಗ್ಲೋ?

ಸೈಡ್‌ಲೈನ್ ನಿಜಕ್ಕೂ ಸಮಯ ಉಳಿಸುವ ಜಾಗ ಇದೇ. ಡಿ4 ತೆರೆದರೆ ದಾರಿ ಆರಿಸುವವನು ಕಪ್ಪು: ನಜ್ದೋರ್ಫ್, ಡ್ರ್ಯಾಗನ್, ಕ್ಲಾಸಿಕಲ್, ಷೆವೆನಿಂಗನ್, ಸ್ವೆಶ್ನಿಕೊವ್, ಆಕ್ಸಲರೇಟೆಡ್ ಡ್ರ್ಯಾಗನ್, ತೈಮನೋವ್, ಕಾನ್. ಎಂಟಕ್ಕೂ ಬೇರೆ ಬೇರೆ ಪಾಠ. ಎದುರಾಳಿ ಓದಿಕೊಂಡದ್ದು ಒಂದನ್ನೇ, ನೀವು ಓದಬೇಕಾದದ್ದು ಎಂಟು. ಈ ಲೆಕ್ಕ ನೌಕರಿದಾರನಿಗೆ ಕೂಡುವುದಿಲ್ಲ.

ಅಲಾಪಿನ್‌ನಲ್ಲಿ (2. ಸಿ3) ಕಪ್ಪಿನ ಗಟ್ಟಿ ಉತ್ತರ ಮುಖ್ಯವಾಗಿ ಎರಡು. ಒಂದು 2... ಡಿ5 3. ಇ×ಡಿ5 ರಾಣಿ×ಡಿ5 4. ಡಿ4. ನಿಮ್ಮದೇ ಪ್ಯಾದೆ ಸಿ3ರಲ್ಲಿ ಕೂತಿರುವುದರಿಂದ ಕುದುರೆ ಆ ಮನೆಗೆ ಬಂದು ರಾಣಿಯನ್ನು ಓಡಿಸಲಾರದು. ಸಿ3ಗೆ ನೀವು ತೆರುವ ಬೆಲೆ ಅದು. ಇನ್ನೊಂದು 2... ಕುದುರೆ ಎಫ್6 3. ಇ5 ಕುದುರೆ ಡಿ5 4. ಡಿ4 ಸಿ×ಡಿ4 5. ಕುದುರೆ ಎಫ್3 ಕುದುರೆ ಸಿ6 6. ಸಿ×ಡಿ4 ಡಿ6 7. ಒಂಟೆ ಸಿ4. ಎರಡೂ ಸೇರಿ ಒಂದು ತಿಂಗಳ ಕೆಲಸ, ಬಹಳ ವರ್ಷ ಬಾಳುತ್ತದೆ.

ದಾಳಿ ಇಷ್ಟಪಡುವವರು ಗ್ರಾಂಡ್ ಪ್ರೀ (2. ಕುದುರೆ ಸಿ3, 3. ಎಫ್4) ಕೇಳುತ್ತಾರೆ. ಆಡಿ, ಆದರೆ ಒಂಟೆಯನ್ನು ಅಭ್ಯಾಸಬಲದಿಂದ ಸಿ4ಕ್ಕೆ ತರಬೇಡಿ. ಕಪ್ಪು ಜಿ6, ಒಂಟೆ ಜಿ7 ಆಡಿ ನಂತರ ಇ6, ಜಿ8ರ ಕುದುರೆ ಇ7, ಡಿ5 ಮಾಡಿದರೆ ಆ ಒಂಟೆ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಒಂಟೆ ಬಿ5 ಮೇಲು.

ಹದಿನಾರರ ಒಳಗಿನವರು, ವಾರಕ್ಕೆ ಎಂಟು ಹತ್ತು ತಾಸು ಕೂರುವವರು ಮಾತ್ರ ಎದುರಾ ಎದುರೇ ಹೋಗಲಿ. ಅಲ್ಲಿನ ಕಾಯಿಬಲಿ, ವಿರುದ್ಧ ದಿಕ್ಕಿನ ಕ್ಯಾಸಲ್, ಪ್ಯಾದೆ ಓಟ ಅಲಾಪಿನ್‌ನಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಕಪ್ಪಿಗೆ 1. ಇ4 ಬಂದ್ರ ಏನ್ ಆಡೋದು ಚಲೋ? ಒಂದ ಹೇಳ್ರಿ.

ಒಂದೇ ಹೇಳಬೇಕಾದರೆ ಕಾರೋ-ಕಾನ್. ಕಾರಣ ತಿಳಿಯಲು ಉಳಿದವನ್ನೂ ನೋಡಬೇಕು.

1... ಇ5 ಆಟ ಕಲಿಯಲು ಎಲ್ಲಕ್ಕಿಂತ ಒಳ್ಳೆಯದು, ಓದಲು ಎಲ್ಲಕ್ಕಿಂತ ಅಗಲ: ಇಟಾಲಿಯನ್, ರುಯ್ ಲೋಪೆಜ್, ಸ್ಕಾಚ್, ವಿಯೆನ್ನಾ, ಕಿಂಗ್ಸ್ ಗ್ಯಾಂಬಿಟ್, ಎಲ್ಲ ಬಾಗಿಲೂ ಬಿಳಿಯ ಕೈಯಲ್ಲಿ. ಇದರಲ್ಲಿ ಒಂದು ಗುಂಡಿ ಮಾತ್ರ ಮೊದಲ ದಿನವೇ ಮುಚ್ಚಿಕೊಳ್ಳಿ. 2. ಕುದುರೆ ಎಫ್3 ಕುದುರೆ ಸಿ6 3. ಒಂಟೆ ಸಿ4 ಕುದುರೆ ಎಫ್6 4. ಕುದುರೆ ಜಿ5 ಡಿ5 5. ಇ×ಡಿ5 ಆದಾಗ ಕುದುರೆಯಿಂದ ಹೊಡೆಯಬೇಡಿ, 6. ಕುದುರೆ×ಎಫ್7 ಬಂದು ರಾಜ ಬಯಲಿಗೆ ಬೀಳುತ್ತಾನೆ. 5... ಕುದುರೆ ಎ5 ಆಡಿ. 6. ಒಂಟೆ ಬಿ5 ಚೆಕ್ ಸಿ6 7. ಡಿ×ಸಿ6 ಬಿ×ಸಿ6. ಪ್ಯಾದೆ ಹೋಯಿತು, ಬದಲಿಗೆ ಬಿಳಿಯ ಕಾಯಿಗಳನ್ನು ಓಡಿಸುತ್ತ ನಿಮ್ಮವು ಹೊರಬರುತ್ತವೆ.

ಸ್ಕ್ಯಾಂಡಿನೇವಿಯನ್ (1... ಡಿ5 2. ಇ×ಡಿ5 ರಾಣಿ×ಡಿ5 3. ಕುದುರೆ ಸಿ3 ರಾಣಿ ಎ5) ಓದು ಕಡಿಮೆ, ಯಾಕೆಂದರೆ ಮೊದಲ ನಡೆಯಲ್ಲೇ ದಾರಿ ನಿಮ್ಮದು. ವಿಶ್ವನಾಥನ್ ಆನಂದ್ 1995ರಲ್ಲಿ ಕಾಸ್ಪರೋವ್ ಎದುರಿನ ವಿಶ್ವ ಪಂದ್ಯದ 14ನೇ ಆಟಕ್ಕೆ ಇದನ್ನು ತಂದಿದ್ದರು, ಆ ಆಟ ಸೋತರು. ಇಲ್ಲಿ ಸಿ6 ತಡ ಮಾಡಬಾರದು. ಎ5ರಿಂದ ರಾಣಿ ಸಿ7ಕ್ಕೋ ಡಿ8ಕ್ಕೋ ಹಿಂದಿರುಗುವ ಓಣಿ ಅದರಿಂದಲೇ ತೆರೆಯುವುದು. ತಡ ಮಾಡಿದವರ ರಾಣಿ ಒಂಟೆ ಡಿ2 ಬಂದಾಗ ಒದ್ದಾಡುತ್ತದೆ.

ಫ್ರೆಂಚ್ (1... ಇ6) ಗಟ್ಟಿ, ಆದರೆ ಸಿ8ರ ಒಂಟೆ ಬಹಳ ಹೊತ್ತು ಒಳಗೇ ಬೇಯುತ್ತದೆ. ತಾಳ್ಮೆಯಿದ್ದವರಿಗೆ ಸರಿ. 2024ರಲ್ಲಿ ಸಿಂಗಪುರದ ವಿಶ್ವ ಪಂದ್ಯದ ಮೊದಲ ಆಟದಲ್ಲೇ ಡಿಂಗ್ ಇದರಿಂದ ಗುಕೇಶ್‌ನನ್ನು ಸೋಲಿಸಿದರು. ಪಟ್ಟ ಮಾತ್ರ ಕೊನೆಗೆ ಗುಕೇಶ್‌ನದಾಯಿತು.

ಕಾರೋ-ಕಾನ್ (1... ಸಿ6 2. ಡಿ4 ಡಿ5) ಅದೇ ಗಟ್ಟಿತನ ಕೊಟ್ಟು ಒಂಟೆಯನ್ನು ಹೊರಗೆ ಬಿಡುತ್ತದೆ. ಕ್ಲಬ್‌ನಲ್ಲಿ ಹೆಚ್ಚಾಗಿ ಎದುರಾಗುವುದು 3. ಇ5 (ಉತ್ತರ ಒಂಟೆ ಎಫ್5) ಮತ್ತು 3. ಇ×ಡಿ5. ಮೊದಲ ವಾರ ಈ ಎರಡನ್ನು, ಎರಡನೇ ವಾರ 3. ಕುದುರೆ ಸಿ3ಯನ್ನು ನೋಡಿ. ಅದರಲ್ಲೊಂದು ಮಾನ ಕಳೆಯುವ ಸೋಲಿದೆ: 3... ಡಿ×ಇ4 4. ಕುದುರೆ×ಇ4 ಕುದುರೆ ಡಿ7 5. ರಾಣಿ ಇ2, ಈಗ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ 6. ಕುದುರೆ ಡಿ6 ಮಾತ್. ಇ7 ಪ್ಯಾದೆ ರಾಣಿಯ ಗೆರೆಯಲ್ಲಿ ಕಟ್ಟುಬಿದ್ದಿರುವುದರಿಂದ ಹೊಡೆಯಲಾಗದು.

ಮತ್ತ 1. ಡಿ4ಕ್ಕ?

ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್: ಡಿ5, ಇ6, ಕುದುರೆ ಎಫ್6, ಒಂಟೆ ಇ7, ಕ್ಯಾಸಲ್. ನಮ್ಮ ಅಭಿಪ್ರಾಯದಲ್ಲಿ ಮೇನ್‌ಲೈನ್‌ಗಳಲ್ಲೇ ಅಗ್ಗದ್ದು ಇದು. ಲಂಡನ್ ಬರಲಿ, ಕ್ಯಾಟಲನ್ ಬರಲಿ, 1. ಸಿ4 ಬರಲಿ, ಹೆಚ್ಚು ಕಡಿಮೆ ಅದೇ ಐದು ನಡೆ ಹೊಂದುತ್ತವೆ. ಸಿ5 ತಳ್ಳುವ ಹೊತ್ತು ತಿಳಿದರೆ ಮುಕ್ಕಾಲು ಕೆಲಸ ಆಯಿತು. ಕಿಂಗ್ಸ್ ಇಂಡಿಯನ್ ಚೆಂದ, ಆದರೆ ಅದು ಮೈಗೆ ಹತ್ತಲು ಕಾಲ ಬೇಕು.

ನವನಗರದಾಗ ಅವೇ ಹತ್ತು ಮಂದಿ ಆಡ್ತೇವಿ. ಸೈಡ್‌ಲೈನ್ ಆಡಿ ಅಂಜಿಸೋದು ನಡೀತೈತೇನು?

ಮೂರು ರವಿವಾರ ನಡೆಯುತ್ತದೆ. ನಾಲ್ಕನೆಯ ವಾರ ಎಲ್ಲರೂ ಉತ್ತರ ನೋಡಿಕೊಂಡು ಬಂದಿರುತ್ತಾರೆ. ಸಣ್ಣ ಬಳಗದಲ್ಲಿ ಎಲ್ಲರ ಓಪನಿಂಗೂ ಎಲ್ಲರಿಗೂ ಬಾಯಿಪಾಠ. ಅಚ್ಚರಿಗಾಗಿಯೇ ಆರಿಸಿದ ಸೈಡ್‌ಲೈನ್ ಅಲ್ಲಿ ಬೇಗ ಹಳಸುತ್ತದೆ, ಮೇನ್‌ಲೈನ್ ಹಳಸುವುದಿಲ್ಲ. ಕೊಲ್ಹಾಪುರ, ಸಾಂಗ್ಲಿ, ಗೋವಾ, ಹುಬ್ಬಳ್ಳಿಯ ಓಪನ್ ಟೂರ್ನಿಗಳಲ್ಲಿ ಮಾತು ತಿರುವು. ಸ್ವಿಸ್ ಪದ್ಧತಿಯಲ್ಲಿ ಸುತ್ತು ಸುತ್ತಿಗೂ ಹೊಸ ಮುಖ. ಅವರಿಗೆ ನಿಮ್ಮ ಹಳೆಯ ಆಟ ಹುಡುಕಲು ಹೊತ್ತಿಲ್ಲ. ಆದರೆ ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಊರಲ್ಲಿ ಗೆಳೆಯನನ್ನು ಸೋಲಿಸಲು ಸೈಡ್‌ಲೈನ್, ಹೊರಗೆ ಹೋದಾಗ ದೊಡ್ಡವರಂತೆ ಕಾಣಲು ಅರ್ಧ ಓದಿದ ಮೇನ್‌ಲೈನ್. ಊರಿನ ರವಿವಾರಗಳನ್ನು ಮೇನ್‌ಲೈನ್ ಕಲಿಯಲು ಬಳಸಿ, ಸೋತರೂ ರೇಟಿಂಗ್ (ಆಟಗಾರನ ಬಲದ ಅಂಕಿ) ಹೋಗುವುದಿಲ್ಲ.

ನಮ್ಮ ಅಜ್ಜಾರು ಕಟ್ಟಿ ಮ್ಯಾಲ ದೇಸಿ ನಿಯಮದಾಗ ಆಡಿ ಬೆಳದವ್ರು. ಈಗ ಅವ್ರಿಗೆ ಯಾವ ಓಪನಿಂಗ್?

ದೇಸಿ ಆಟದಲ್ಲಿ ಪ್ಯಾದೆ ಮೊದಲ ಹೆಜ್ಜೆಯಲ್ಲೂ ಒಂದೇ ಮನೆ; ಕ್ಯಾಸಲ್ ಬದಲು ಹಲವು ಕಡೆ ರಾಜನಿಗೆ ಒಮ್ಮೆ ಕುದುರೆ ನಡೆ. ಅದರಲ್ಲಿ ಪಳಗಿದವರಿಗೆ ನಿಧಾನವಾಗಿ ಕಾಯಿ ಕಟ್ಟಿ ಆಮೇಲೆ ಮುಟ್ಟುವುದು ಸಹಜ. ನಿಧಾನದ ಇಟಾಲಿಯನ್, ಲಂಡನ್, ಕಾರೋ-ಕಾನ್ ಸಲೀಸಾಗಿ ಒಗ್ಗುತ್ತವೆ. ಅವರನ್ನು ಕೆಡಿಸುವುದು ಓಪನಿಂಗ್ ಅಲ್ಲ, ಆಂಪಾಸಾಂ ಹೊಡೆತ (ಎರಡು ಮನೆ ಹಾರಿದ ಪ್ಯಾದೆಯನ್ನು ಪಕ್ಕದ ಪ್ಯಾದೆ ಹೊಡೆಯುವುದು) ಮತ್ತು ಗಡಿಯಾರ; ಮೊದಲ ವಾರ ಅವೆರಡನ್ನೇ ಮಾಡಿಸಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಹೀಗೇ ದೇಸಿ ಆಟದಿಂದ ಬಂದವರು. ಓಪನಿಂಗ್ ಪುಸ್ತಕದ ಬಲವಿಲ್ಲದೆ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

## ಮುಂದುವರಿದವರಿಗೆ

ರೇಟಿಂಗ್ ಎಷ್ಟಾದ ಮೇಲೆ ಸೈಡ್‌ಲೈನ್ ಬಿಟ್ಟು ಮೇನ್‌ಲೈನ್‌ಗೆ ಹೋಗಬೇಕು?

ಹಳೆಯ ಸಲಹೆಗಳಲ್ಲಿನ ಅಂಕಿ ಈಗ ಹಾಗೇ ಹಿಡಿಯುವಂತಿಲ್ಲ. 2024ರ ಮಾರ್ಚ್ 1ರಿಂದ ವಿಶ್ವ ಚೆಸ್ ಸಂಸ್ಥೆ ಫಿಡೆ 2000ದ ಕೆಳಗಿನವರ ರೇಟಿಂಗನ್ನು ಒಮ್ಮೆ ಏರಿಸಿತು: 2000ಕ್ಕೆ ಎಷ್ಟು ಕಡಿಮೆಯೋ ಅದರ ಶೇ. 40ರಷ್ಟು ಸೇರಿಸಿತು. 1500 ಇದ್ದವರು 1700 ಆದರು, 1000 ಇದ್ದವರು 1400. ರೇಟಿಂಗ್‌ನ ತಳವೂ ಈಗ 1400. ಆದ್ದರಿಂದ ‘1500 ದಾಟಿದ ಮೇಲೆ’ ಎಂದು ಹಳೆಯ ಪುಸ್ತಕದಲ್ಲಿದ್ದರೆ ಈಗಿನ 1700 ಎಂದು ಓದಿ.

ಅಂಕಿಗಿಂತ ಈ ಎರಡು ಲಕ್ಷಣ ನೋಡುವುದು ವಾಸಿ. ಹದಿನೈದನೇ ನಡೆಯ ಹೊತ್ತಿಗೆ ಕಾಯಿ ಕಳೆದುಕೊಳ್ಳದೆ, ಆದರೂ ಇಕ್ಕಟ್ಟಿನ ಸ್ಥಿತಿಯಲ್ಲಿ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿದ್ದರೆ ಓಪನಿಂಗ್ ನಿಮ್ಮನ್ನು ಹಿಡಿದಿಟ್ಟಿದೆ. ನಿಮ್ಮ ಸೈಡ್‌ಲೈನಿನ ಸ್ಥಿತಿಗಳು ಆಡುವ ಮೊದಲೇ ಬೇಸರ ತರಿಸುತ್ತಿದ್ದರೆ ಅದೂ ಕಾರಣವೇ. ಇವೆರಡೂ ಇಲ್ಲದಿದ್ದರೆ ಬದಲಿಸುವ ಅಗತ್ಯವಿಲ್ಲ.

ಎಂಜಿನ್ ನನ್ನ ಓಪನಿಂಗ್‌ಗೆ ಅರ್ಧ ಪ್ಯಾದೆ ಕಡಿಮೆ ತೋರಿಸುತ್ತೆ. ಬಿಡಬೇಕಾ?

ಎಂಜಿನ್ ಅಂದರೆ ಸ್ಥಿತಿಯನ್ನು ತೂಗಿ ಅಂಕಿ ಕೊಡುವ ಚೆಸ್ ತಂತ್ರಾಂಶ. ಅದು ಕಪ್ಪಿನಲ್ಲಿ ಅರ್ಧ ಪ್ಯಾದೆ ಕಡಿಮೆ ತೋರಿಸಿದರೆ ಕ್ಲಬ್ ಮಟ್ಟದಲ್ಲಿ ಏನೂ ಅಲ್ಲ. ಮೊದಲ ನಡೆಯ ಲಾಭವೇ ಬಿಳಿಗೆ ಅದರ ಅರ್ಧದಷ್ಟಿರುತ್ತದೆ. ಎಂಜಿನ್ ಅಂಕಿಗಿಂತ ಇದನ್ನು ಕೇಳಿಕೊಳ್ಳಿ: ಎದುರಾಳಿಯ ಒಳ್ಳೆಯ ಉತ್ತರ ತಾನಾಗಿ ಕೈಗೆ ಬರುವಂಥದ್ದೋ, ಹುಡುಕಬೇಕಾದ್ದೋ? ಆ ಉತ್ತರದ ನಂತರ ನನ್ನ ಆಟ ಎರಡೂ ಕಡೆ ಸುಲಭವೋ, ನನಗೊಬ್ಬನಿಗೇ ಕಷ್ಟವೋ? ಎಂಗ್ಲುಂಡ್‌ನಲ್ಲಿ ಒಳ್ಳೆಯ ಉತ್ತರ ಸಹಜ, ಆಮೇಲೆ ಕಷ್ಟ ಕಪ್ಪಿಗೊಬ್ಬನಿಗೇ. ಸ್ಕ್ಯಾಂಡಿನೇವಿಯನ್‌ನಲ್ಲಿ ಅಂಕಿ ಸ್ವಲ್ಪ ಕಡಿಮೆ ಕಂಡರೂ ಆಟ ಇಬ್ಬರಿಗೂ ಇದೆ.

ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಮಾಸ್ಟರ್‌ಗಳ ಆಟ ಮತ್ತು ಸಾಮಾನ್ಯರ ಆಟ ಬೇರೆ ಬೇರೆ ನೋಡಬಹುದು, ರೇಟಿಂಗ್ ಪಟ್ಟಿಯೂ ಆರಿಸಬಹುದು. ನಿಮ್ಮ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿನವರನ್ನು ಆರಿಸಿ. ಅಲ್ಲಿ ನಿಮ್ಮ ಸಾಲಿನ ಗೆಲುವು ಒಮ್ಮೆಲೇ ಕುಸಿದರೆ ಆ ಸಾಲಿಗೆ ಆಯುಸ್ಸು ಕಡಿಮೆ.

ನಾನು ಪೂರಾ ಮೇನ್‌ಲೈನ್ ಓದ್ಕೊಂಡು ಹೋದ್ರೆ ಎದುರಾಳಿ ಮೂರನೇ ನಡೆಗೇ ಏನೋ ಆಡ್ತಾರೆ. ಓದಿದ್ದು ದಂಡ ಅಲ್ವಾ?

ಓದಿದ್ದು ನಡೆಗಳಷ್ಟೇ ಆಗಿದ್ದರೆ ದಂಡ. ವಿಯೆನ್ನಾ ನೋಡಿ: 1. ಇ4 ಇ5 2. ಕುದುರೆ ಸಿ3 ಕುದುರೆ ಎಫ್6 3. ಎಫ್4. ಪ್ಯಾದೆ ಸಿಕ್ಕಿತೆಂದು 3... ಇ×ಎಫ್4 ಹೊಡೆದರೆ 4. ಇ5 ಬಂದು ಕುದುರೆಗೆ ಜಾಗವಿಲ್ಲ, 4... ರಾಣಿ ಇ7 5. ರಾಣಿ ಇ2, ಕುದುರೆ ಜಿ8ಕ್ಕೆ, ಅಂದರೆ ಹೊರಟ ಮನೆಗೇ ವಾಪಸ್. ಸರಿಯಾದದ್ದು 3... ಡಿ5. 4. ಎಫ್×ಇ5 ಕುದುರೆ×ಇ4, ಕುದುರೆ ನಡುವಲ್ಲಿ ಹಾಯಾಗಿದೆ. ಪಕ್ಕದಿಂದ ಬಂದ ಕೆಣಕಿಗೆ ನಡುವಿನಲ್ಲಿ ಉತ್ತರ ಕೊಡಬೇಕು ಎಂಬುದು ಮೇನ್‌ಲೈನ್‌ಗಳೇ ಕಲಿಸುವ ಪಾಠ.

ಗೊತ್ತಿಲ್ಲದ ನಡೆ ಬಂದಾಗ, ಹೆಚ್ಚು ಸಮಯದ ಕ್ಲಾಸಿಕಲ್ ಆಟವಾದರೆ ಐದು ನಿಮಿಷ ಖರ್ಚು ಮಾಡಿ. ಆ ನಡೆ ಏನನ್ನು ಕಾವಲಿಂದ ಬಿಟ್ಟಿತು? ಡಿ5 ಅಥವಾ ಡಿ4 ತಳ್ಳಲಾಗುತ್ತದೆಯೇ? ಆಗದಿದ್ದರೆ ನನ್ನ ಮೇನ್‌ಲೈನಿನಲ್ಲಿ ಕಾಯಿಗಳು ಎಲ್ಲಿ ಕೂರುತ್ತಿದ್ದವೋ ಅಲ್ಲೇ ಕೂರಿಸಿ.

ಸೈಡ್‌ಲೈನ್, ಮೇನ್‌ಲೈನ್ ಕೂಡಿಸಿ ಒಂದೇ ಓದಿನಲ್ಲಿ ಮುಗಿಸೋ ದಾರಿ ಇದೆಯಾ?

ಇದೆ, ಓಪನಿಂಗ್ ಹೆಸರಿನ ಬದಲು ಪ್ಯಾದೆಗಳ ಕಟ್ಟಡ ನೋಡಿ ಆರಿಸಿದರೆ. ಬಿಳಿಗೆ ಡಿ4ರಲ್ಲಿ ಒಂಟಿ ಪ್ಯಾದೆ ಉಳಿದು ಅಕ್ಕಪಕ್ಕದ ಸಿ, ಇ ಪಟ್ಟಿಯಲ್ಲಿ ಅದರ ಜೊತೆಗಾರರಿಲ್ಲದ ಸ್ಥಿತಿ ತೆಗೆದುಕೊಳ್ಳಿ. ಅಲಾಪಿನ್‌ನಲ್ಲಿ 2... ಡಿ5 ಬಂದಾಗ, ಕಪ್ಪು ಮುಂದೆ ಡಿ4ರಲ್ಲಿ ಹೊಡೆದು ನೀವು ಸಿ ಪ್ಯಾದೆಯಿಂದ ಹೊಡೆದರೆ ಇದೇ. ಕಾರೋ-ಕಾನ್ ಎದುರು ಪಾನೊವ್ ಆಡಿದರೂ ಇದೇ: 3. ಇ×ಡಿ5 ಸಿ×ಡಿ5 4. ಸಿ4 ಕುದುರೆ ಎಫ್6 5. ಕುದುರೆ ಸಿ3 ಇ6 6. ಕುದುರೆ ಎಫ್3 ಒಂಟೆ ಇ7 7. ಸಿ×ಡಿ5 ಕುದುರೆ×ಡಿ5. ಕ್ವೀನ್ಸ್ ಗ್ಯಾಂಬಿಟ್ ಅಕ್ಸೆಪ್ಟೆಡ್‌ನಲ್ಲಿ ಇ3, ಒಂಟೆ×ಸಿ4 ಆದಮೇಲೆ ಕಪ್ಪು ಸಿ×ಡಿ4 ಹೊಡೆದು ನೀವು ಇ ಪ್ಯಾದೆಯಿಂದ ಹೊಡೆದರೆ ಮತ್ತೆ ಅದೇ. ಮೂರು ಬಾಗಿಲು, ಒಂದೇ ಪಡಸಾಲೆ.

ಒಳಗೆ ಮಾಡುವ ಕೆಲಸವೂ ಒಂದೇ. ಬಿಳಿಯಾದರೆ ಕುದುರೆ ಇ5ಕ್ಕೆ, ಒಂಟೆ ಮತ್ತು ರಾಣಿ ಎಚ್7ರ ಗೆರೆಗೆ, ಆನೆ ಇ1ಕ್ಕೆ, ಹೊತ್ತು ಸಿಕ್ಕರೆ ಡಿ5 ತಳ್ಳಿ ಪಟ್ಟಿ ತೆರೆಯುವುದು. ಕಾಯಿ ಬದಲಾಯಿಸಬೇಡಿ, ಬದಲಾದಷ್ಟೂ ಒಂಟಿ ಪ್ಯಾದೆ ಭಾರವಾಗುತ್ತದೆ. ಕಪ್ಪಾದರೆ ಇದರ ತಿರುವು: ಡಿ5ರಲ್ಲಿ ಕುದುರೆ ಕೂರಿಸಿ ದಾರಿ ಕಟ್ಟಿ, ಸಣ್ಣ ಕಾಯಿಗಳನ್ನು ಒಂದೊಂದಾಗಿ ಬದಲಿಸಿ, ಆಮೇಲೆ ಪ್ಯಾದೆಗೆ ಕೈ ಹಾಕಿ. ಈ ಕಟ್ಟಡದ ಇಪ್ಪತ್ತು ಮಾಸ್ಟರ್ ಆಟ ಪೂರ್ತಿ ಕೊನೆಯವರೆಗೆ ನೋಡಿದರೆ ಮೂರು ಓಪನಿಂಗ್‌ಗೂ ಓದಿದಂತೆ.

ಓಪನಿಂಗ್ ಬದಲಿಸಿದೆ, ಬದಲಿಸಿದಾಗಿಂದ ಬರೀ ಸೋಲು. ವಾಪಸ್ ಹೋಗ್ಲಾ?

ಎಷ್ಟು ಆಟ ಆಡಿದಿರಿ? ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಉತ್ತರ ಹೇಳಲು ಆಗದು. ಮೂರನ್ನೂ ಒಟ್ಟಿಗೆ ಬದಲಿಸಿದ್ದರೆ ತಪ್ಪು ಅಲ್ಲೇ. ಒಂದು ಬಾರಿಗೆ ಒಂದೇ ಕಡತ ಬದಲಿಸಿ. ಮೊದಲ ವಾರ ಆ ಓಪನಿಂಗ್‌ನ ಹತ್ತು ಪೂರ್ತಿ ಆಟ ನೋಡಿ. ಮುಂದಿನ ಮೂರು ವಾರ ಆನ್‌ಲೈನ್‌ನಲ್ಲಿ 10 ಅಥವಾ 15 ನಿಮಿಷದ ಇಪ್ಪತ್ತು ಆಟ. ಮೂರು ನಿಮಿಷದ ಬ್ಲಿಟ್ಜ್ ಬೇಡ, ಅದರಲ್ಲಿ ಬೆರಳಿಗೆ ಅಭ್ಯಾಸವಾಗುತ್ತದೆ, ತಲೆಗಲ್ಲ. ಪ್ರತಿ ಆಟದ ನಂತರ ಎಂಜಿನ್ ಹಚ್ಚುವ ಮೊದಲು ನೀವೇ ಯೋಚಿಸಿ ಮೊದಲ ತಪ್ಪು ಗುರುತಿಸಿ, ಕಡತಕ್ಕೆ ಒಂದೇ ಒಂದು ಸಾಲು ಸೇರಿಸಿ. ಆಮೇಲೆ ಊರಿನ ಬಳಗ, ಕೊನೆಗೆ ರೇಟಿಂಗ್ ಟೂರ್ನಿ. ನೇರ ಟೂರ್ನಿಯಲ್ಲೇ ಹೊಸ ಓಪನಿಂಗ್ ಉದ್ಘಾಟನೆ ಮಾಡಿದವರಿಗೆ ಗಡಿಯಾರವೇ ಮೊದಲ ಶತ್ರು: ಎಂಟನೇ ನಡೆಗೇ ಅರ್ಧ ತಾಸು ಹೋಗಿರುತ್ತದೆ.

ಇಪ್ಪತ್ತು ಆಟದ ನಂತರವೂ ಸೋಲುಗಳು ಹದಿನೈದನೇ ನಡೆಯೊಳಗೇ ನಿರ್ಧಾರವಾಗುತ್ತಿದ್ದರೆ ವಾಪಸ್ ಹೋಗಿ. ಮೂವತ್ತನೇ ನಡೆಯ ಆಚೆ ಸೋಲುತ್ತಿದ್ದರೆ ಓಪನಿಂಗ್‌ನ ಮೇಲೆ ಗೂಬೆ ಕೂರಿಸಬೇಡಿ, ಎಂಡ್‌ಗೇಮ್ ಓದಿ.

ಟೂರ್ನಿಯಾಗ ಎರಡು ಸುತ್ತಿನ ನಡುವ ಇಪ್ಪತ್ತು ನಿಮಿಷ ಇರ್ತೈತಿ. ಏನ್ ನೋಡಬೇಕು?

ಚೆಸ್-ರಿಸಲ್ಟ್ಸ್ ತಾಣದಲ್ಲಿ ಅಥವಾ ಗೋಡೆಯ ಮೇಲೆ ಪೇರಿಂಗ್ (ಯಾರಿಗೆ ಯಾರು ಎದುರು ಎಂಬ ಪಟ್ಟಿ) ನೋಡಿ ಬಣ್ಣ ತಿಳಿದುಕೊಳ್ಳಿ. ಎದುರಾಳಿಯ ಹಳೆಯ ಆಟ ಹುಡುಕಲು ಹೋಗಬೇಡಿ. ಸಿಕ್ಕರೂ ಅರ್ಧಂಬರ್ಧ ನೆನಪಾಗಿ ಕೆಡಿಸುತ್ತದೆ. ಆ ಬಣ್ಣದ ನಿಮ್ಮ ಕಡತದಲ್ಲಿ ಸಾಲುಗಳ ಕೊನೆಗೆ ಬರೆದಿಟ್ಟ ಆ ಎರಡೆರಡು ವಾಕ್ಯ ಮಾತ್ರ ಓದಿ, ನೀರು ಕುಡಿದು, ಶೌಚಕ್ಕೆ ಹೋಗಿಬನ್ನಿ. ಆಟ ಶುರುವಾದ ಮೇಲೆ ಟಿಪ್ಪಣಿ ತೆಗೆದು ನೋಡುವುದು ನಿಷಿದ್ಧ. ಮೊಬೈಲ್ ಆಟದ ಆವರಣದೊಳಗೆ ಜೇಬಿನಲ್ಲಿ ಸಿಕ್ಕರೆ, ಮುಟ್ಟದಿದ್ದರೂ ಆಟ ಕಳೆದುಕೊಳ್ಳಬಹುದು. ಜೊತೆಗೆ ಬಂದವರ ಕೈಗೆ ಕೊಟ್ಟು ಒಳಗೆ ಹೋಗಿ.